ಆಕಾಶಮಾರ್ಗ, ತಂತಿಮಾರ್ಗ: ಕರ್ನಾಟಕದ ಮನೆಗಳಿಗೆ ಟೆಲಿವಿಷನ್ ತಲುಪಿದ ಚರಿತ್ರೆ

ಪ್ರವೇಶ

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಒಂದು ಪುಟ್ಟ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಆ ಕೇಂದ್ರಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಹೆಸರು ಅನ್ವರ್ಥಕವಾದುದು. ಕಂಸನಿಗೆ ಕೇಳಿಸಿದ ಅಶರೀರವಾಣಿಯ ಕಥೆಯನ್ನು ಬಲ್ಲವರಿಗೆ ಅದರ ಎರಡು ಲಕ್ಷಣಗಳು ಗೊತ್ತಿರುತ್ತವೆ. ಅದು ಕೆಳಗಿರುವ ಎಲ್ಲರಿಗೂ ಒಂದೇ ಬಗೆಯಾಗಿ ಕೇಳಿಸುತ್ತದೆ. ಕೇಳಿಸಿಕೊಂಡವನು ಅದಕ್ಕೆ ಮರುಪ್ರಶ್ನೆ ಹಾಕಲಾರ. ಆಕಾಶದಿಂದ ಬರುವ ಪ್ರಸಾರಕ್ಕೆ ಇಂದಿಗೂ ಈ ಎರಡು ಲಕ್ಷಣಗಳು ಅಂಟಿಕೊಂಡಿವೆ. ತಂತಿಯ ಸ್ವಭಾವ ಇದಕ್ಕೆ ವಿರುದ್ಧವಾದುದು. ತಂತಿ ಎಳೆದಲ್ಲಿಗೆ ಮಾತ್ರ ಅದು ತಲುಪುತ್ತದೆ. ತಲುಪಿದಲ್ಲಿಂದ ಮರುಮಾತನ್ನೂ ತರಬಲ್ಲುದು.

ಮನೆಗೆ ಟೆಲಿವಿಷನ್ ಬರಬೇಕಾದುದು ಉಪಗ್ರಹದ ಮೂಲಕವೋ ಬ್ರಾಡ್‌ಬ್ಯಾಂಡ್ ತಂತಿಯ ಮೂಲಕವೋ ಎಂಬ ಪ್ರಶ್ನೆ ಇಂದು ಸಾಮಾನ್ಯವಾಗಿ ಬೆಲೆಯ ಹಾಗೂ ಅನುಕೂಲದ ಪ್ರಶ್ನೆಯಾಗಿ ಕೇಳಿಬರುತ್ತದೆ. ಆದರೆ ಕರ್ನಾಟಕದ ಮಟ್ಟಿಗೆ ಇದಕ್ಕೆ ಅರ್ಧ ಶತಮಾನದ ಚರಿತ್ರೆಯಿದೆ. ಆ ಚರಿತ್ರೆಯ ಪ್ರತಿಯೊಂದು ಘಟ್ಟದಲ್ಲಿಯೂ ಆಯ್ಕೆಯ ಹಿಂದೆ ಮೂರು ಪ್ರಶ್ನೆಗಳು ಅಡಗಿದ್ದವು. ಊರಿನ ಕೊನೆಯ ಮನೆಗೆ ಸಂಕೇತ ತಲುಪುತ್ತದೆಯೆ? ಅದು ಯಾವ ಭಾಷೆಯಲ್ಲಿ ತಲುಪುತ್ತದೆ? ನೋಡುವವರಿಗೆ ಮರಳಿ ಮಾತನಾಡುವ ದಾರಿ ಇದೆಯೆ? ಈ ಮೂರು ಪ್ರಶ್ನೆಗಳ ಬೆಳಕಿನಲ್ಲಿ ಎರಡು ಮಾರ್ಗಗಳ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎರಡು ಮಾರ್ಗಗಳ ಸ್ವರೂಪ

ಚರಿತ್ರೆಯನ್ನು ಪ್ರವೇಶಿಸುವ ಮುನ್ನ ಎರಡೂ ಮಾರ್ಗಗಳ ಸ್ವರೂಪವನ್ನು ಸ್ಥೂಲವಾಗಿ ತಿಳಿಯುವುದು ಅಗತ್ಯ. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಪರಿಭ್ರಮಿಸುವ ಉಪಗ್ರಹವು ಭೂಮಿಯ ಆವರ್ತನೆಗೆ ಸಮನಾದ ವೇಗದಲ್ಲಿ ಸುತ್ತುವುದರಿಂದ ನಮ್ಮ ಕಣ್ಣಿಗೆ ಒಂದೇ ಸ್ಥಾನದಲ್ಲಿ ನಿಂತಂತಿರುತ್ತದೆ. ಇದನ್ನು ಭೂಸ್ಥಿರ ಉಪಗ್ರಹ ಎನ್ನುತ್ತಾರೆ. ನೆಲದಿಂದ ಕಳುಹಿಸಿದ ಸಂಕೇತವನ್ನು ಅದು ಸ್ವೀಕರಿಸಿ, ಬೇರೊಂದು ಕಂಪನಾಂಕಕ್ಕೆ ಬದಲಾಯಿಸಿ ಮತ್ತೆ ನೆಲದ ಮೇಲೆ ಹರಡುತ್ತದೆ. ಹಾಗೆ ಹರಡಿದ ಸಂಕೇತವನ್ನು ಹತ್ತು ಮನೆಗಳು ಹಿಡಿದರೂ ಹತ್ತು ಲಕ್ಷ ಮನೆಗಳು ಹಿಡಿದರೂ ಪ್ರಸಾರದ ವೆಚ್ಚ ಒಂದೇ. ಬೀದರಿನ ಮನೆಗೂ ಚಾಮರಾಜನಗರದ ಮನೆಗೂ ಅದು ಏಕಕಾಲಕ್ಕೆ ದೊರೆಯುತ್ತದೆ.

ತಂತಿಯ ಲೆಕ್ಕ ಬೇರೆ. ಪ್ರತಿ ಮನೆಗೂ ಪ್ರತ್ಯೇಕವಾಗಿ ತಂತಿಯನ್ನು ಒಯ್ಯಬೇಕು. ಮನೆಗಳು ಒತ್ತಾಗಿರುವ ನಗರದಲ್ಲಿ ಒಂದು ಮನೆಗೆ ತಗಲುವ ವೆಚ್ಚ ಕಡಿಮೆ. ಒಂದೊಂದು ಗುಡ್ಡಕ್ಕೆ ಒಂದೊಂದು ಮನೆಯಿರುವ ಮಲೆನಾಡಿನಲ್ಲಿ ಅದು ಅನೇಕ ಪಟ್ಟು ಹೆಚ್ಚು. ಬ್ರಾಡ್‌ಬ್ಯಾಂಡ್ ಸಾಗಣೆಗೆ ಇನ್ನೊಂದು ವಿಶೇಷವಿದೆ. ಸಾರ್ವಜನಿಕ ಅಂತರ್ಜಾಲದಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬ ವೀಕ್ಷಕನಿಗೂ ಪ್ರತ್ಯೇಕ ಪ್ರತಿಯೊಂದು ಹರಿದುಬರುತ್ತದೆ. ಸೆಕೆಂಡಿಗೆ 5 ಮೆಗಾಬಿಟ್ ಬೇಡುವ ಸ್ಫುಟವಾದ ಚಿತ್ರವನ್ನು ಒಂದು ಗಂಟೆ ನೋಡಿದರೆ ಸುಮಾರು 2.25 ಗಿಗಾಬೈಟ್ ದತ್ತಾಂಶ ವ್ಯಯವಾಗುತ್ತದೆ. ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ ಅದು 200 ಗಿಗಾಬೈಟನ್ನು ಮೀರುತ್ತದೆ. ಸಾವಿರ ಮನೆಗಳು ಒಂದೇ ಕ್ರಿಕೆಟ್ ಪಂದ್ಯವನ್ನು ಹೀಗೆ ನೋಡಿದರೆ ಆ ಊರಿಗೆ ಸೆಕೆಂಡಿಗೆ 5 ಗಿಗಾಬಿಟ್ ಸಾಮರ್ಥ್ಯ ಬೇಕು. ಉಪಗ್ರಹಕ್ಕೆ ಈ ಸಾವಿರ ಮನೆಗಳು ಹೆಚ್ಚುವರಿ ಹೊರೆಯೇ ಅಲ್ಲ. ಎಲ್ಲರೂ ಒಂದನ್ನೇ ನೋಡುವಾಗ ಆಕಾಶವು ಮಿತವ್ಯಯಕಾರಿ. ಒಬ್ಬೊಬ್ಬರೂ ತಮಗೆ ಬೇಕಾದುದನ್ನು ಬೇಕಾದ ಹೊತ್ತಿಗೆ ನೋಡುವಾಗ ತಂತಿಯೇ ಸಮರ್ಥ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮೂರು ಜಿಲ್ಲೆಗಳ ಪ್ರಯೋಗ

ಭಾರತದಲ್ಲಿ ಟೆಲಿವಿಷನ್ ಪ್ರಾಯೋಗಿಕವಾಗಿ ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಆರಂಭವಾಯಿತು. 1972ರವರೆಗೂ ಅದು ಆ ನಗರವನ್ನು ದಾಟಿರಲಿಲ್ಲ. ಇಡೀ ದೇಶಕ್ಕೆ ಗೋಪುರಗಳನ್ನು ಕಟ್ಟುತ್ತ ಹೋದರೆ ಹಳ್ಳಿಗಳ ಸರದಿ ಬರುವುದು ಯಾವಾಗ ಎಂಬ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವರು ವಿಕ್ರಮ್ ಸಾರಾಭಾಯಿ. ನಗರಗಳಿಂದ ಹಳ್ಳಿಗಳಿಗೆ ನಿಧಾನವಾಗಿ ಇಳಿಯುವ ಕ್ರಮವನ್ನು ತಿರುವುಮುರುವು ಮಾಡಿ, ಹಿಂದುಳಿದ ಹಳ್ಳಿಗಳಿಗೆ ನೇರವಾಗಿ ಉಪಗ್ರಹದಿಂದಲೇ ಪ್ರಸಾರ ಮಾಡಬಹುದೆಂಬುದು ಅವರ ವಿಚಾರವಾಗಿತ್ತು. ಉಪಗ್ರಹ ಮತ್ತು ಭೂಪ್ರೇಷಕಗಳನ್ನು ಹೋಲಿಸಿ ಅಂದು ನಡೆದ ಅಧ್ಯಯನಗಳು ಎರಡನ್ನೂ ಬೆರೆಸಿದ ಮಿಶ್ರ ವ್ಯವಸ್ಥೆಯೇ ಮಿತವ್ಯಯಕರವೆಂಬ ನಿಲುವಿಗೆ ಬಂದಿದ್ದವು. ಜನ ಒತ್ತಾಗಿರುವೆಡೆ ನೆಲದ ಪ್ರೇಷಕ, ಚದುರಿರುವೆಡೆ ಆಕಾಶದ ಪ್ರಸಾರ ಎಂಬುದು ಅದರ ತಿರುಳು. ಮುಂದಿನ ಐವತ್ತು ವರ್ಷಗಳ ಚರಿತ್ರೆ ಈ ನಿಲುವನ್ನು ಮತ್ತೆ ಮತ್ತೆ ಸಮರ್ಥಿಸಿದೆ.

1969ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದೊಂದಿಗೆ ಆದ ಒಪ್ಪಂದದ ಫಲವಾಗಿ ‘ಸೈಟ್’ ಎಂಬ ಸಂಕ್ಷಿಪ್ತ ನಾಮದಿಂದ ಪ್ರಸಿದ್ಧವಾದ ಉಪಗ್ರಹ ಬೋಧನ ಟೆಲಿವಿಷನ್ ಪ್ರಯೋಗವು ರೂಪುಗೊಂಡಿತು. ಸಾರಾಭಾಯಿಯವರು 1971ರ ಡಿಸೆಂಬರ್‌ನಲ್ಲಿ ನಿಧನರಾದುದರಿಂದ ಅದರ ಫಲವನ್ನು ಅವರು ಕಾಣಲಿಲ್ಲ. ಎಟಿಎಸ್-6 ಎಂಬ ಅಮೆರಿಕದ ಉಪಗ್ರಹದ ನೆರವಿನಿಂದ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪ್ರತಿದಿನ ನಾಲ್ಕು ಗಂಟೆಗಳ ಪ್ರಸಾರ ನಡೆಯಿತು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ವಯಸ್ಕರಿಗೆ ಕಾರ್ಯಕ್ರಮಗಳಿದ್ದವು. ಕರ್ನಾಟಕದಿಂದ ಆಯ್ಕೆಯಾದವು ಅಂದಿನ ಗುಲ್ಬರ್ಗ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳು. ಹಳ್ಳಿಯ ಶಾಲೆ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ಸುಮಾರು ಮೂರು ಮೀಟರ್ ಅಗಲದ ತಂತಿಬಲೆಯ ಆಂಟೆನಾ ನಿಂತಿತು. ಬೆಂಗಳೂರು ನಗರಕ್ಕೆ ಸ್ವಂತ ಟೆಲಿವಿಷನ್ ಕೇಂದ್ರ ಬರುವುದಕ್ಕೆ ಆರು ವರ್ಷಗಳ ಮೊದಲೇ ಈ ಮೂರು ಜಿಲ್ಲೆಗಳ ಹಳ್ಳಿಗರು ಟೆಲಿವಿಷನ್ನನ್ನು ಕಂಡಿದ್ದರು ಎಂಬುದು ಗಮನಾರ್ಹ. ಕೊನೆಯಲ್ಲಿರುವವರಿಗೆ ಮೊದಲು ಎಂಬ ತತ್ತ್ವ ನಮ್ಮ ಪ್ರಸಾರ ಚರಿತ್ರೆಯಲ್ಲಿ ಇಷ್ಟು ಅಕ್ಷರಶಃ ಜಾರಿಗೆ ಬಂದ ನಿದರ್ಶನ ವಿರಳ.

ಭಾಷೆಯ ಪ್ರಶ್ನೆ ಆಗಲೇ ಎದುರಾಯಿತು. ಉಪಗ್ರಹದಲ್ಲಿದ್ದುದು ಒಂದು ಚಿತ್ರವಾಹಿನಿ ಮತ್ತು ಎರಡು ಧ್ವನಿವಾಹಿನಿಗಳು. ಆದ್ದರಿಂದ ಒಂದೇ ಚಿತ್ರಕ್ಕೆ ಎರಡು ಭಾಷೆಗಳ ಧ್ವನಿಯನ್ನು ಜೋಡಿಸುವುದು ಸಾಧ್ಯವಿತ್ತು. ಆದರೆ ಇರುವ ನಾಲ್ಕು ಗಂಟೆಗಳನ್ನು ಹಿಂದಿ, ಒಡಿಯಾ, ತೆಲುಗು, ಕನ್ನಡಗಳ ನಡುವೆ ಹಂಚಿಕೊಳ್ಳಬೇಕಾಗಿತ್ತು. ಕರ್ನಾಟಕದಲ್ಲಿ ಟೆಲಿವಿಷನ್ ನಿರ್ಮಾಣ ಕೇಂದ್ರವೇ ಇರಲಿಲ್ಲವಾದ ಕಾರಣ ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು. ಟೆಲಿವಿಷನ್ ಕನ್ನಡ ತನ್ನ ಮೊದಲ ಮಾತನ್ನು ತನ್ನ ರಾಜ್ಯದ ಹೊರಗೆ ಕಲಿಯಬೇಕಾಯಿತು.

ಒಂದು ವರ್ಷ ಮುಗಿದಾಗ ಎಟಿಎಸ್-6 ಉಪಗ್ರಹವನ್ನು ಅಮೆರಿಕ ಹಿಂದಕ್ಕೆ ಸರಿಸಿಕೊಂಡಿತು. ಹಳ್ಳಿಯ ಆಂಟೆನಾ, ಪೆಟ್ಟಿಗೆ, ನೋಡುಗರು ಎಲ್ಲರೂ ಇದ್ದಲ್ಲಿಯೇ ಇದ್ದರು. ಸಂಕೇತ ಮಾತ್ರ ಇರಲಿಲ್ಲ. ಪ್ರಯೋಗದ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗದಲ್ಲಿ ಭೂಪ್ರೇಷಕವೊಂದು ಸ್ಥಾಪಿತವಾಯಿತು. ಕರ್ನಾಟಕದ ಮೊದಲ ಟೆಲಿವಿಷನ್ ಕೇಂದ್ರವೆಂಬ ಗೌರವ ಹೀಗೆ ಗುಲ್ಬರ್ಗಕ್ಕೆ ಸಂದಿತು. ಆದರೆ ಪ್ರೇಷಕದ ವ್ಯಾಪ್ತಿ ಅದರ ಸುತ್ತಲಿನ ಕೆಲವು ಹತ್ತು ಕಿಲೋಮೀಟರುಗಳಿಗೆ ಸೀಮಿತ. ಅದರಾಚೆಯ ಹಳ್ಳಿಗಳು ಮತ್ತೆ ಕತ್ತಲಿಗೆ ಸರಿದವು. ಆಕಾಶಮಾರ್ಗದ ಶಕ್ತಿಯನ್ನೂ ದೌರ್ಬಲ್ಯವನ್ನೂ ಈ ಒಂದು ವರ್ಷ ಒಟ್ಟಿಗೇ ತೋರಿಸಿಕೊಟ್ಟಿತು. ಒಮ್ಮೆಲೇ ಎಲ್ಲರನ್ನೂ ತಲುಪುವ ಪ್ರಸಾರವನ್ನು ಒಮ್ಮೆಲೇ ಎಲ್ಲರಿಂದಲೂ ಹಿಂತೆಗೆಯಬಹುದು.

ಸ್ವಂತ ಉಪಗ್ರಹ, ದೂರದ ಭಾಷೆ

ಪರಾವಲಂಬನೆಯ ಈ ಪಾಠ ವ್ಯರ್ಥವಾಗಲಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಉಡುಪಿ ಸಮೀಪದ ಅದಮಾರಿನವರಾದ ಯು.ಆರ್. ರಾವ್ ಅವರ ನೇತೃತ್ವದಲ್ಲಿ ನಿರ್ಮಾಣಗೊಂಡ ‘ಆರ್ಯಭಟ’ 1975ರ ಏಪ್ರಿಲ್ 19ರಂದೇ ಕಕ್ಷೆ ಸೇರಿತ್ತು. ಸಂಪರ್ಕ ಮತ್ತು ಪ್ರಸಾರಕ್ಕೆಂದು ಅಮೆರಿಕದಲ್ಲಿ ತಯಾರಿಸಿ ತರಿಸಿಕೊಂಡ ಇನ್ಸಾಟ್-1ಎ 1982ರ ಏಪ್ರಿಲ್‌ನಲ್ಲಿ ಹಾರಿ ಕೆಲವೇ ತಿಂಗಳುಗಳಲ್ಲಿ ನಿಷ್ಕ್ರಿಯವಾಯಿತು. 1983ರ ಆಗಸ್ಟ್‌ನಲ್ಲಿ ಹಾರಿದ ಇನ್ಸಾಟ್-1ಬಿ ಯಶಸ್ವಿಯಾಯಿತು. ಈ ಉಪಗ್ರಹಗಳ ನಿಯಂತ್ರಣಕ್ಕಾಗಿ ಹಾಸನದಲ್ಲಿ ಮುಖ್ಯ ನಿಯಂತ್ರಣ ಕೇಂದ್ರ ಸ್ಥಾಪನೆಯಾಯಿತು. ದೇಶದಲ್ಲಿಯೇ ನಿರ್ಮಿಸಿದ ಇನ್ಸಾಟ್-2ಎ 1992ರ ಜುಲೈನಲ್ಲಿ ಕಕ್ಷೆ ಸೇರಿತು. ಆಕಾಶಮಾರ್ಗದ ಯಂತ್ರಶಾಲೆಯೂ ಕಾವಲುಗೋಪುರವೂ ಕರ್ನಾಟಕದಲ್ಲಿಯೇ ಇದ್ದವು ಎನ್ನಬಹುದು.

ಆದರೆ ಆ ಮಾರ್ಗದಲ್ಲಿ ಸಾಗಿಬಂದ ಭಾಷೆಯ ವಿಚಾರ ಬೇರೆ. 1982ರ ಆಗಸ್ಟ್ 15ರಿಂದ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮವು ಉಪಗ್ರಹದ ಮೂಲಕ ದೇಶದ ಕೇಂದ್ರಗಳನ್ನು ಸೇರತೊಡಗಿತು. ಬೆಂಗಳೂರು ದೂರದರ್ಶನ ಕೇಂದ್ರವು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ಆರಂಭವಾಗಿತ್ತಾದರೂ 1984ರಿಂದೀಚೆಗೆ ಊರೂರುಗಳಲ್ಲಿ ಎದ್ದ ಕಡಿಮೆ ಶಕ್ತಿಯ ಪ್ರೇಷಕಗಳು ಮುಖ್ಯವಾಗಿ ಉಪಗ್ರಹದಿಂದ ಇಳಿದ ದೆಹಲಿಯ ಕಾರ್ಯಕ್ರಮವನ್ನೇ ಮರುಪ್ರಸಾರ ಮಾಡುತ್ತಿದ್ದವು. ರಾಜ್ಯದ ರಾಜಧಾನಿಯಲ್ಲಿ ತಯಾರಾದ ಕನ್ನಡ ಕಾರ್ಯಕ್ರಮಕ್ಕಿಂತ ದೆಹಲಿಯ ಹಿಂದಿ ಕಾರ್ಯಕ್ರಮ ಜಿಲ್ಲಾ ಕೇಂದ್ರಗಳಿಗೆ ಸುಲಭವಾಗಿ ದೊರೆಯುವ ವಿಚಿತ್ರ ಸನ್ನಿವೇಶ ಇದರಿಂದ ಉಂಟಾಯಿತು. ಬೆಂಗಳೂರಿಗೂ ಉಪಗ್ರಹದಲ್ಲಿ ಸ್ಥಾನ ದೊರೆತು, ಮುಂದೆ ‘ಚಂದನ’ ಎಂದು ಹೆಸರಾದ ಕನ್ನಡ ವಾಹಿನಿ ರಾಜ್ಯವ್ಯಾಪಿಯಾಗಲು 1990ರ ದಶಕದವರೆಗೆ ಕಾಯಬೇಕಾಯಿತು. ಉಪಗ್ರಹವು ದೂರವನ್ನು ಅಳಿಸುತ್ತದೆ ಎನ್ನುವುದು ನಿಜವಾದರೂ ಯಾರ ದೂರವನ್ನು ಮೊದಲು ಅಳಿಸಬೇಕೆಂಬ ನಿರ್ಧಾರ ನೆಲದ ಮೇಲೆಯೇ ಆಗುತ್ತದೆ.

ಮಹಡಿಯಿಂದ ಮಹಡಿಗೆ ತಂತಿ

ತಂತಿಮಾರ್ಗದ ಪ್ರವೇಶವಾದುದು ಸರ್ಕಾರದ ಯೋಜನೆಯಿಂದಲ್ಲ. 1991ರ ಜನವರಿಯ ಕೊಲ್ಲಿ ಯುದ್ಧದ ದೃಶ್ಯಗಳನ್ನು ಉಪಗ್ರಹದ ಮೂಲಕ ಮಹಾನಗರಗಳ ಹೋಟೆಲುಗಳಲ್ಲಿ ಕಂಡ ಜನರ ಕುತೂಹಲ, ಅದೇ ವರ್ಷ ಏಷ್ಯಾಸಾಟ್-1ರ ಮೂಲಕ ಆರಂಭವಾದ ಸ್ಟಾರ್ ವಾಹಿನಿಗಳು, 1992ರ ಅಕ್ಟೋಬರ್‌ನಲ್ಲಿ ಬಂದ ಜೀ ಟಿವಿ, ಇವೆಲ್ಲ ಸೇರಿ ಒಂದು ಹೊಸ ಕಸುಬನ್ನೇ ಹುಟ್ಟುಹಾಕಿದವು. ಅದುವರೆಗೆ ವಿಡಿಯೋ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುತ್ತಿದ್ದ, ಟೆಲಿವಿಷನ್ ದುರಸ್ತಿ ಮಾಡುತ್ತಿದ್ದ ಯುವಕರು ಮಹಡಿಯ ಮೇಲೆ ದೊಡ್ಡ ಡಿಶ್ ಕೂರಿಸಿ, ಅಲ್ಲಿಂದ ಸುತ್ತಲಿನ ಮನೆಗಳಿಗೆ ತಂತಿ ಎಳೆದರು. ಆ ತಂತಿ ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ, ಮಹಡಿಯಿಂದ ಮಹಡಿಗೆ ಸಾಗಿತು. ಕೇಬಲ್ ಟಿವಿಯ ಸಂಕೇತ ಬರುತ್ತಿದ್ದುದೂ ಉಪಗ್ರಹದಿಂದಲೇ. ಕೊನೆಯ ಕೆಲವು ನೂರು ಮೀಟರುಗಳಷ್ಟೇ ತಂತಿಯದು. 1960ರ ದಶಕದ ಅಧ್ಯಯನಗಳು ಸೂಚಿಸಿದ್ದ ಮಿಶ್ರ ವ್ಯವಸ್ಥೆಯು ಬೀದಿಬೀದಿಯಲ್ಲಿ ಬೇರೊಂದು ರೂಪದಲ್ಲಿ ತಾನಾಗಿ ಹುಟ್ಟಿಕೊಂಡಿತು.

ಈ ಘಟ್ಟದಲ್ಲಿ ಕನ್ನಡಕ್ಕೆ ಲಾಭವಾಯಿತು. 1994ರ ಜೂನ್‌ನಲ್ಲಿ ಉದಯ ಟಿವಿ, 2000ದಲ್ಲಿ ಈಟಿವಿಯ ಕನ್ನಡ ವಾಹಿನಿ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ ಹೀಗೆ ಒಂದೊಂದಾಗಿ ವಾಹಿನಿಗಳು ಬಂದವು. ಜೊತೆಗೆ ಪ್ರತಿ ಪಟ್ಟಣದ ಕೇಬಲ್ ಆಪರೇಟರು ತನ್ನದೇ ಒಂದು ಸ್ಥಳೀಯ ವಾಹಿನಿ ನಡೆಸಬಲ್ಲವನಾದ. ಊರ ಜಾತ್ರೆ, ಪುರಸಭೆಯ ಸಭೆ, ನೀರು ಬಿಡುವ ಸಮಯ, ಹವ್ಯಾಸಿ ನಾಟಕ ಇವು ಯಾವ ಉಪಗ್ರಹ ವಾಹಿನಿಗೂ ಬೇಕಾಗಿರಲಿಲ್ಲ, ತಂತಿಗೆ ಬೇಕಾಗಿದ್ದವು. ತಂತಿಯ ಉದ್ದ ಕಡಿಮೆಯಾದುದೇ ಅದರ ಗುಣವೂ ಆಯಿತು.

ಮಿತಿಗಳೂ ಅಷ್ಟೇ ಸ್ಪಷ್ಟವಾಗಿದ್ದವು. ಲೋಹದ ತಂತಿಯಲ್ಲಿ ಸಂಕೇತವು ದೂರ ಸಾಗಿದಷ್ಟೂ ಕ್ಷೀಣಿಸುವುದರಿಂದ ನಡುನಡುವೆ ವರ್ಧಕಗಳನ್ನಿಡಬೇಕಾಗಿತ್ತು. ಒಂದು ವರ್ಧಕಕ್ಕೆ ವಿದ್ಯುತ್ ಕಡಿತವಾದರೆ ಅದರ ಮುಂದಿನ ಎಲ್ಲ ಮನೆಗಳೂ ಕತ್ತಲಾಗುತ್ತಿದ್ದವು. ಯಾವ ವಾಹಿನಿಯನ್ನು ಸ್ಪಷ್ಟವಾಗಿ ಕಾಣುವ ಸ್ಥಾನದಲ್ಲಿಡಬೇಕು, ಯಾವುದನ್ನು ಕೈಬಿಡಬೇಕು ಎಂಬುದು ಆಪರೇಟರನ ಇಚ್ಛೆಗೆ ಸೇರಿತ್ತು. 1995ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯಿದೆಯು ನೋಂದಣಿಯನ್ನೂ ದೂರದರ್ಶನದ ವಾಹಿನಿಗಳ ಸಾಗಣೆಯನ್ನೂ ಕಡ್ಡಾಯಗೊಳಿಸಿತು. ಅದೇ ವರ್ಷದ ಫೆಬ್ರವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಪ್ರಸಾರ ತರಂಗಗಳು ಸಾರ್ವಜನಿಕ ಸ್ವತ್ತೆಂದು ತೀರ್ಪಿತ್ತಿತು. ಆದರೂ ತಂತಿಯು ಪೇಟೆಯ ಅಂಚಿಗೆ ನಿಲ್ಲುತ್ತಿತ್ತು. ಪೇಟೆಯಿಂದ ಎರಡು ಮೈಲಿ ಒಳಗಿದ್ದ ತೋಟದ ಮನೆಗೆ ತಂತಿ ಎಳೆಯಲು ಯಾವ ಕಾಯಿದೆಯೂ ಯಾರನ್ನೂ ಒತ್ತಾಯಿಸಲಿಲ್ಲ.

ಮನೆಯ ಮೇಲಿನ ತಟ್ಟೆ

ಆ ತೋಟದ ಮನೆಗೆ ಉತ್ತರವಾಗಿ ಬಂದುದು ಡಿಟಿಎಚ್ ಎಂದು ಕರೆಯಲಾಗುವ ನೇರ ಗೃಹ ಪ್ರಸಾರ. ಕು-ಪಟ್ಟಿಯ ಹೆಚ್ಚಿನ ಕಂಪನಾಂಕವನ್ನು ಬಳಸುವುದರಿಂದ ಇದಕ್ಕೆ ಮೂರು ಮೀಟರಿನ ಆಂಟೆನಾ ಬೇಡ. ಎರಡಡಿಯ ತಟ್ಟೆ ಸಾಕು. ಈ ತಂತ್ರ 1990ರ ದಶಕದಲ್ಲಿಯೇ ಸಿದ್ಧವಾಗಿತ್ತಾದರೂ ವಿದೇಶಿ ಸಂಸ್ಥೆಗಳ ಹಿಡಿತದ ಭೀತಿಯಿಂದ ಕೇಂದ್ರ ಸರ್ಕಾರ 1997ರ ಜುಲೈನಲ್ಲಿ ಅದನ್ನು ನಿಷೇಧಿಸಿತು. 2000ದ ನವೆಂಬರ್‌ನಲ್ಲಿ ಅನುಮತಿಯ ನಿರ್ಧಾರವಾಗಿ 2001ರಲ್ಲಿ ಮಾರ್ಗಸೂಚಿಗಳು ಬಂದವು. 2003ರಲ್ಲಿ ಡಿಶ್ ಟಿವಿ, 2006ರ ಆಗಸ್ಟ್‌ನಲ್ಲಿ ಟಾಟಾ ಸ್ಕೈ ಆರಂಭವಾದವು. ಅನಂತರದ ಎರಡು ವರ್ಷಗಳಲ್ಲಿ ಸನ್ ಡೈರೆಕ್ಟ್, ಏರ್‌ಟೆಲ್ ಮೊದಲಾದವು ಬಂದವು. ಇವೆಲ್ಲಕ್ಕಿಂತ ಭಿನ್ನವಾದುದು 2004ರ ಡಿಸೆಂಬರ್‌ನಲ್ಲಿ ಪ್ರಸಾರ ಭಾರತಿ ಆರಂಭಿಸಿದ ಡಿಡಿ ಡೈರೆಕ್ಟ್ ಪ್ಲಸ್. ಇಂದು ಡಿಡಿ ಫ್ರೀ ಡಿಶ್ ಎಂದು ಕರೆಯಲಾಗುವ ಈ ಸೇವೆಗೆ ಮಾಸಿಕ ಶುಲ್ಕವಿಲ್ಲ. ತಟ್ಟೆಯನ್ನೂ ಪೆಟ್ಟಿಗೆಯನ್ನೂ ಒಮ್ಮೆ ಕೊಂಡರಾಯಿತು.

ಕರ್ನಾಟಕದ ಭೌಗೋಳಿಕ ಸ್ಥಾನ ಇದಕ್ಕೆ ಅನುಕೂಲಕರವಾಗಿದೆ. ಸಮಭಾಜಕಕ್ಕೆ ಸಮೀಪವಿರುವುದರಿಂದ ಉಪಗ್ರಹಗಳು ನಮ್ಮ ಆಕಾಶದಲ್ಲಿ ಎತ್ತರದಲ್ಲಿರುತ್ತವೆ. ಫ್ರೀ ಡಿಶ್ ಬಳಸುವ 93.5 ಡಿಗ್ರಿ ಪೂರ್ವ ರೇಖಾಂಶದ ಉಪಗ್ರಹವು ಬೆಂಗಳೂರಿನಿಂದ ಕ್ಷಿತಿಜದ ಮೇಲೆ ಸುಮಾರು 65 ಡಿಗ್ರಿ ಎತ್ತರದಲ್ಲಿ ಕಾಣುವ ಸ್ಥಾನದಲ್ಲಿದೆ. ಕಣಿವೆಯಲ್ಲಿರುವ ಮಲೆನಾಡಿನ ಮನೆಯೂ ಗುಡ್ಡದ ತಲೆಯ ಮೇಲಿಂದ ಅದನ್ನು ಹಿಡಿಯಬಲ್ಲುದು. ಭೂಪ್ರೇಷಕದ ಸಂಕೇತಕ್ಕೆ ಅಡ್ಡವಾಗುತ್ತಿದ್ದ ಗುಡ್ಡ ಇಲ್ಲಿ ಅಡ್ಡಿಯಲ್ಲ. ಮಳೆ ಮಾತ್ರ ಅಡ್ಡಿ. ಕು-ಪಟ್ಟಿಯ ತರಂಗಗಳನ್ನು ಮಳೆಹನಿಗಳು ಹೀರಿ ಚದುರಿಸುವುದರಿಂದ ಜಡಿಮಳೆಯ ಹೊತ್ತಿನಲ್ಲಿ ಚಿತ್ರ ಒಡೆದು ನಿಲ್ಲುತ್ತದೆ. ಆಗುಂಬೆಯಂತಹ ಮಳೆನಾಡಿನಲ್ಲಿ ಆಷಾಢದ ಸಂಜೆಗಳು ಹೀಗೆ ಎಷ್ಟೋ ಬಾರಿ ಮೌನವಾಗುತ್ತವೆ. ಆದರೆ ಅದೇ ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ದುರಸ್ತಿಗೆ ದಿನಗಳೇ ಬೇಕು. ಮಳೆ ನಿಂತ ಕ್ಷಣ ಉಪಗ್ರಹದ ಚಿತ್ರ ತಾನಾಗಿ ಮರಳುತ್ತದೆ.

ಆಕಾಶಮಾರ್ಗದ ಅಪಾಯ ಬೇರೆಡೆ ಇದೆ. ನೇರ ಗೃಹ ಪ್ರಸಾರಕ್ಕೆಂದು ಉದ್ದೇಶಿಸಿದ್ದ ಇನ್ಸಾಟ್-4ಸಿ 2006ರ ಜುಲೈ 10ರಂದು ಉಡಾವಣೆಯಲ್ಲಿಯೇ ನಾಶವಾಯಿತು. ಬದಲಿ ಉಪಗ್ರಹ ಇನ್ಸಾಟ್-4ಸಿಆರ್ ಕಕ್ಷೆ ಸೇರಿದ್ದು 2007ರ ಸೆಪ್ಟೆಂಬರ್‌ನಲ್ಲಿ. ತಂತಿಮಾರ್ಗದಲ್ಲಿ ಒಂದು ಬೀದಿಗೆ ತಟ್ಟುವ ಆಘಾತ ಇಲ್ಲಿ ಇಡೀ ದೇಶದ ಯೋಜನೆಗೆ ತಟ್ಟುತ್ತದೆ. ಉಪಗ್ರಹದಲ್ಲಿರುವ ಸ್ಥಳವೂ ಪರಿಮಿತ. ಊರ ಜಾತ್ರೆಯ ವಾಹಿನಿಗೆ ಅಲ್ಲಿ ಎಡೆಯಿಲ್ಲ.

ಗಡಿಯಾಚೆಯ ಕನ್ನಡಿಗರ ದೃಷ್ಟಿಯಿಂದ ಈ ತಟ್ಟೆ ಮಾಡಿದ ಉಪಕಾರವನ್ನು ಇಲ್ಲಿ ಸ್ಮರಿಸಬೇಕು. ಉಪಗ್ರಹದ ಪ್ರಸಾರ ವಲಯಕ್ಕೆ ರಾಜ್ಯದ ಗಡಿ ಗೊತ್ತಿಲ್ಲ. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ಕೇಬಲ್ ಆಪರೇಟರು ಕನ್ನಡ ವಾಹಿನಿಯನ್ನು ಕೊಡದಿದ್ದರೂ ಮನೆಯ ಮೇಲೊಂದು ತಟ್ಟೆಯಿಟ್ಟವರು ಕನ್ನಡವನ್ನು ತಾವೇ ಇಳಿಸಿಕೊಳ್ಳಬಲ್ಲವರಾದರು.

ಬ್ರಾಡ್‌ಬ್ಯಾಂಡ್ ಪ್ರವೇಶ

2004ರ ರಾಷ್ಟ್ರೀಯ ನೀತಿಯು ಬ್ರಾಡ್‌ಬ್ಯಾಂಡ್ ಎಂದರೆ ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ಎಂದು ವ್ಯಾಖ್ಯಾನಿಸಿತ್ತು. ಆ ಕಾಲದ ಒಂದು ಸಾಮಾನ್ಯ ಟೆಲಿವಿಷನ್ ವಾಹಿನಿಗೆ 3 ಮೆಗಾಬಿಟ್‌ನಷ್ಟು ವೇಗ ಬೇಕಾಗಿದ್ದುದನ್ನು ಗಮನಿಸಿದರೆ, ಅಂದಿನ ಬ್ರಾಡ್‌ಬ್ಯಾಂಡ್ ಅದರ ಹತ್ತನೆಯ ಒಂದು ಭಾಗವನ್ನೂ ಹೊರಲಾರದೆಂಬುದು ವಿದಿತವಾಗುತ್ತದೆ. ದೂರವಾಣಿ ತಂತಿಯ ಮೂಲಕ ಟೆಲಿವಿಷನ್ ನೀಡುವ ಐಪಿಟಿವಿ ಸೇವೆಗಳು 2006ರಿಂದ ಆರಂಭವಾಗಿ, 2008ರಲ್ಲಿ ಅವುಗಳಿಗೆ ಮಾರ್ಗಸೂಚಿಗಳೂ ಬಂದವು. ತನ್ನದೇ ಜಾಲದಲ್ಲಿ ಒಂದೇ ಪ್ರತಿಯನ್ನು ಕವಲೊಡೆಸಿ ಅನೇಕ ಮನೆಗಳಿಗೆ ಹಂಚಬಲ್ಲ ಆ ವ್ಯವಸ್ಥೆ ತಾಂತ್ರಿಕವಾಗಿ ಸೊಗಸಾದುದು. ಆದರೆ ಹಳೆಯ ತಾಮ್ರದ ತಂತಿ ಅದರ ಭಾರವನ್ನು ಹೊರಲಿಲ್ಲ. ಕೇಬಲ್ಲಿನ ಅಗ್ಗದ ದರದೊಡನೆ ಅದು ಸ್ಪರ್ಧಿಸಲೂ ಆಗಲಿಲ್ಲ.

ಪರಿಸ್ಥಿತಿ ಬದಲಾದುದು ಮುಂದಿನ ದಶಕದಲ್ಲಿ. ಕೇಬಲ್ ಜಾಲದ ಡಿಜಿಟಲೀಕರಣವು ನಾಲ್ಕು ಹಂತಗಳಲ್ಲಿ ನಡೆಯಿತು. ಎರಡನೆಯ ಹಂತದಲ್ಲಿ, 2013ರಲ್ಲಿ, ಬೆಂಗಳೂರು ಮತ್ತು ಮೈಸೂರು ನಗರಗಳು ಸೇರಿದವು. 2017ರ ಹೊತ್ತಿಗೆ ಪ್ರಕ್ರಿಯೆ ಗ್ರಾಮಾಂತರ ಪ್ರದೇಶಗಳಿಗೂ ವಿಸ್ತರಿಸಿತು. ನಗರಗಳಲ್ಲಿ ಲೋಹದ ತಂತಿಯ ಸ್ಥಾನಕ್ಕೆ ದ್ಯುತಿತಂತು ಬಂದಿತು. 2015ರಲ್ಲಿ ಹಾಟ್‌ಸ್ಟಾರ್, 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಅದೇ ಸೆಪ್ಟೆಂಬರ್‌ನಲ್ಲಿ ಜಿಯೋ ಮೊಬೈಲ್ ಸೇವೆ, 2019ರ ಸೆಪ್ಟೆಂಬರ್‌ನಲ್ಲಿ ಅದರ ಗೃಹ ದ್ಯುತಿತಂತು ಸೇವೆ ಬಂದವು. ಹಣ ಪಾವತಿಸುವ ಡಿಟಿಎಚ್ ಚಂದಾದಾರರ ಸಂಖ್ಯೆ 2020ರ ಸುಮಾರಿಗೆ ದೇಶದಲ್ಲಿ 7 ಕೋಟಿ ತಲುಪಿ, 2024ರ ಅಂತ್ಯಕ್ಕೆ 6 ಕೋಟಿಗಿಂತ ಕೆಳಗಿಳಿಯಿತು. ಇಳಿಕೆಯ ಒಂದು ಪಾಲು ಬ್ರಾಡ್‌ಬ್ಯಾಂಡಿನತ್ತ, ಇನ್ನೊಂದು ಪಾಲು ಶುಲ್ಕವಿಲ್ಲದ ಫ್ರೀ ಡಿಶ್‌ನತ್ತ ಸರಿಯಿತೆಂದು ಭಾವಿಸಲು ಅವಕಾಶವಿದೆ. ಶುಲ್ಕ ತೆರಬಲ್ಲವರಲ್ಲಿ ಹಲವರು ತಂತಿಗೆ, ತೆರಲಾರದವರು ಆಕಾಶಕ್ಕೆ ಎಂಬ ಹೊಸ ವಿಭಜನೆಯೊಂದು ಇಲ್ಲಿ ಮೊಳೆಯುತ್ತಿದೆ.

ಬ್ರಾಡ್‌ಬ್ಯಾಂಡ್ ತಂದ ಲಾಭಗಳನ್ನು ಅಲ್ಲಗಳೆಯಲಾಗದು. ವೀಕ್ಷಕನಿಗೆ ಕಾಲದ ಸ್ವಾತಂತ್ರ್ಯ ದೊರೆತಿದೆ. ಅಮೆರಿಕದಲ್ಲಿಯೋ ಕೊಲ್ಲಿ ದೇಶಗಳಲ್ಲಿಯೋ ಇರುವ ಕನ್ನಡಿಗನಿಗೆ ಯಾವ ಉಪಗ್ರಹದ ವಲಯಕ್ಕೂ ಕಾಯದೆ ಕನ್ನಡ ದೊರೆಯುತ್ತಿದೆ. ಹಳೆಯ ಕೇಬಲ್ ಆಪರೇಟರನ ಸ್ಥಳೀಯ ವಾಹಿನಿಯ ಕೆಲಸವನ್ನು ಇಂದು ಊರಿನ ಯಾರಾದರೂ ಮಾಡಬಹುದು. ಆದರೆ ಮರುಮಾತಿನ ದಾರಿಗೆ ಇಲ್ಲಿ ಒಂದು ತಿರುವು ಒದಗಿದೆ. ಆಕಾಶದ ಪ್ರಸಾರವನ್ನು ಯಾರು ನೋಡುತ್ತಿದ್ದಾರೆಂಬುದು ಪ್ರಸಾರಕನಿಗೆ ತಿಳಿಯುವುದಿಲ್ಲ. ತಂತಿಯಲ್ಲಿ ಪ್ರತಿಯೊಂದು ಆಯ್ಕೆಯೂ ದಾಖಲಾಗುತ್ತದೆ. ಮನೆಯಿಂದ ಹೊರಟ ಮಾತಿಗಿಂತ ಮನೆಯ ಕುರಿತ ಮಾಹಿತಿಯೇ ಆ ದಾರಿಯಲ್ಲಿ ಹೆಚ್ಚು ಸಾಗುತ್ತಿದೆ.

ಮರುಮಾತಿನ ಎರಡು ನಿದರ್ಶನಗಳು

ಮರುಮಾತಿಗೆ ಇನ್ನೊಂದು ಅರ್ಥವಿದೆಯೆಂಬುದನ್ನು ಕರ್ನಾಟಕ ಬಹಳ ಹಿಂದೆಯೇ ತೋರಿಸಿತ್ತು. 1995ರಲ್ಲಿ ಗ್ರಾಮ ಪಂಚಾಯಿತಿಗಳಿಗೆ ಹೊಸದಾಗಿ ಆಯ್ಕೆಯಾದ ಮಹಿಳಾ ಸದಸ್ಯರಿಗೆ ಉಪಗ್ರಹದ ಮೂಲಕ ತರಬೇತಿ ನೀಡುವ ಪ್ರಯೋಗ ಇಸ್ರೋ ಸಹಕಾರದಿಂದ ನಡೆಯಿತು. ಚಿತ್ರ ಆಕಾಶದಿಂದ ಇಳಿಯುತ್ತಿತ್ತು. ಸದಸ್ಯೆಯರ ಪ್ರಶ್ನೆಗಳು ದೂರವಾಣಿಯ ಮೂಲಕ ಹಿಂದಿರುಗುತ್ತಿದ್ದವು. ಆಕಾಶವಾಣಿಗೆ ಮರುಪ್ರಶ್ನೆ ಹಾಕುವುದು ಹೀಗೆ ಸಾಧ್ಯವಾಯಿತು. 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸಾಟ್ ಉಪಗ್ರಹವನ್ನು ಬಳಸಿ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಿಗೂ ಪಾಠಗಳನ್ನು ತಲುಪಿಸಿದ್ದು ಇದೇ ಪರಂಪರೆಯ ಮುಂದುವರಿಕೆ.

ಎರಡನೆಯ ನಿದರ್ಶನ 2020ರದು. ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ನಗರದ ಮಕ್ಕಳು ಬ್ರಾಡ್‌ಬ್ಯಾಂಡ್ ತರಗತಿಗಳಿಗೆ ಸೇರಿದರು. ಮಲೆನಾಡಿನ ಮಕ್ಕಳು ಮೊಬೈಲ್ ಸಂಕೇತವನ್ನು ಅರಸುತ್ತ ಗುಡ್ಡ ಹತ್ತಿದರು. ಆ ಜುಲೈನಲ್ಲಿ ರಾಜ್ಯದ ಶಿಕ್ಷಣ ಇಲಾಖೆಯು ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ‘ಸಂವೇದ’ ಎಂಬ ಪಾಠಮಾಲೆಯನ್ನು ಚಂದನ ವಾಹಿನಿಯಲ್ಲಿ ಆರಂಭಿಸಿತು. ಮಾಸಿಕ ಶುಲ್ಕವಿಲ್ಲದ ತಟ್ಟೆಯುಳ್ಳ ಮನೆಗೂ ಅದು ತಲುಪಿತು. ತಂತಿ ತಲುಪದೆ ಉಳಿದಿದ್ದ ಮನೆಗಳಲ್ಲಿ 1975ರ ಆಕಾಶಮಾರ್ಗವೇ ಮತ್ತೆ ಆಸರೆಯಾಯಿತು. ಕೊರತೆಯೂ ಹಳೆಯದೇ. ಅರ್ಥವಾಗದ ಲೆಕ್ಕವನ್ನು ಮತ್ತೊಮ್ಮೆ ಹೇಳಿಕೊಡಿ ಎಂದು ಪರದೆಯನ್ನು ಕೇಳುವಂತಿರಲಿಲ್ಲ. 1995ರಲ್ಲಿ ಪಂಚಾಯಿತಿ ಸದಸ್ಯೆಯರಿಗೆ ಇದ್ದ ಅವಕಾಶ ಮನೆಯಲ್ಲಿ ಕುಳಿತು ನೋಡುತ್ತಿದ್ದ ಈ ವಿದ್ಯಾರ್ಥಿಗೆ ಇರಲಿಲ್ಲ.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಒಂದು ಕುಟುಂಬದ ಆಯ್ಕೆಯ ದೃಷ್ಟಿಯಿಂದ ನೋಡಿದರೆ, ದ್ಯುತಿತಂತು ಬಾಗಿಲಿಗೆ ಬಂದಿರುವ, ಅಂತರ್ಜಾಲವನ್ನು ಬೇರೆ ಕೆಲಸಗಳಿಗೂ ಬಳಸುವ ನಗರದ ಮನೆಗೆ ಬ್ರಾಡ್‌ಬ್ಯಾಂಡ್ ಸಹಜವಾದ ಆಯ್ಕೆ. ಮನೆಗಳು ಚದುರಿರುವೆಡೆ, ವೆಚ್ಚಕ್ಕೆ ಮಿತಿಯಿರುವೆಡೆ, ಎಲ್ಲರೂ ಕೂಡಿ ಕೆಲವೇ ವಾಹಿನಿಗಳನ್ನು ನೋಡುವೆಡೆ ಉಪಗ್ರಹವೇ ಲೇಸು. ಎರಡನ್ನೂ ಇಟ್ಟುಕೊಂಡಿರುವ ಮನೆಗಳು ಅಪವ್ಯಯ ಮಾಡುತ್ತಿವೆಯೆಂದು ಹೇಳಲಾಗದು. ಮಿಶ್ರ ವ್ಯವಸ್ಥೆಯೇ ಯುಕ್ತವೆಂಬ ಮೊದಲ ಅಧ್ಯಯನಗಳ ನಿಲುವನ್ನೇ ಅವು ಮನೆಯ ಮಟ್ಟದಲ್ಲಿ ಪಾಲಿಸುತ್ತಿವೆ. 550 ಕಿಲೋಮೀಟರಿನಷ್ಟು ಕೆಳಕಕ್ಷೆಯ ಉಪಗ್ರಹಗಳಿಂದ ಬ್ರಾಡ್‌ಬ್ಯಾಂಡನ್ನೇ ಇಳಿಸುವ ಸ್ಟಾರ್‌ಲಿಂಕ್ ಸಂಸ್ಥೆಗೆ ಭಾರತದಲ್ಲಿ 2025ರ ಜೂನ್‌ನಲ್ಲಿ ಪರವಾನಗಿ ದೊರೆತಿದ್ದು, ಆಕಾಶ ಮತ್ತು ತಂತಿ ಎಂಬ ಭೇದವೇ ಮುಂದೆ ಮಸುಕಾಗಬಹುದು. ಆದರೆ ಅಲ್ಲಿಯೂ ಪ್ರತಿ ಮನೆಗೆ ಪ್ರತ್ಯೇಕ ಪ್ರತಿ, ಪ್ರತಿ ಮನೆಗೆ ಪ್ರತ್ಯೇಕ ಶುಲ್ಕ ಎಂಬ ತಂತಿಯ ಲೆಕ್ಕವೇ ಮುಂದುವರಿಯುತ್ತದೆ. ಆಕಾಶದಿಂದ ಬಂದ ಮಾತ್ರಕ್ಕೆ ಅದು ಎಲ್ಲರದೂ ಆಗುವುದಿಲ್ಲ.

ಸಾರ್ವಜನಿಕ ನೀತಿಯ ದೃಷ್ಟಿಯಿಂದ ಯೋಚಿಸಬೇಕಾದುದು ಇನ್ನೂ ಗಂಭೀರವಾದುದು. ದೂರದರ್ಶನದ ಹಳೆಯ ಅನಲಾಗ್ ಭೂಪ್ರೇಷಕಗಳ ಬಹುಪಾಲು 2022ರ ಹೊತ್ತಿಗೆ ಸ್ಥಗಿತಗೊಂಡಿವೆ. ಶುಲ್ಕವಿಲ್ಲದೆ ಮನೆಗೆ ತಲುಪುವ ಕನ್ನಡದ ಚಿತ್ರಪ್ರಸಾರಕ್ಕೆ ಉಳಿದಿರುವ ಮುಖ್ಯ ದಾರಿ ಉಪಗ್ರಹವೊಂದೇ. ಎಲ್ಲರ ಕೈಯಲ್ಲೂ ಬ್ರಾಡ್‌ಬ್ಯಾಂಡ್ ಇದೆಯೆಂಬ ಊಹೆಯ ಮೇಲೆ ಮುಂದೊಂದು ದಿನ ಈ ದಾರಿಯನ್ನೂ ಕಿರಿದುಗೊಳಿಸಿದರೆ 1976ರ ಆಗಸ್ಟ್ 1ರಂದು ಗುಲ್ಬರ್ಗ, ಬಿಜಾಪುರ, ರಾಯಚೂರುಗಳ ಹಳ್ಳಿಗಳಲ್ಲಿ ಆದುದೇ ಮತ್ತೆ ಆಗುತ್ತದೆ. ಕನ್ನಡದ ಉಚಿತ ಉಪಗ್ರಹ ಪ್ರಸಾರವನ್ನು ಉಳಿಸಿ ವಿಸ್ತರಿಸುವುದು, ಅದಕ್ಕೆ ನೋಡುಗರ ಪ್ರಶ್ನೆಗಳನ್ನು ಹೊತ್ತು ತರುವ ತಂತಿಯ ದಾರಿಯೊಂದನ್ನು ಜೋಡಿಸುವುದು, ಈ ಎರಡೂ ಕಾರ್ಯಗಳು ಜೊತೆಜೊತೆಯಾಗಿ ನಡೆಯಬೇಕು. ಅಂದು ಬೆಂಗಳೂರಿಗಿಂತ ಮೊದಲೇ ಟೆಲಿವಿಷನ್ನನ್ನು ಕಂಡು, ವರ್ಷ ತುಂಬುವಷ್ಟರಲ್ಲಿ ಅದನ್ನು ಕಳೆದುಕೊಂಡ ಆ ಹಳ್ಳಿಗಳಿಗೆ ನಮ್ಮ ಪ್ರಸಾರ ವ್ಯವಸ್ಥೆ ಸಲ್ಲಿಸಬೇಕಾದ ಬಾಕಿ ಇದೇ ಆಗಿದೆ.